ಸೋತ ಜಾಬ್ ಅಳಿಸುವ ಮುನ್ನ ಲಾಗ್ ಓದಿ

ಕ್ಲೌಡ್ ಕೆಲಸದ ಆಸೆಯಿಂದ ದೇವದುರ್ಗ, ಮಾನ್ವಿಯಿಂದ ರಾಯಚೂರಿಗೆ, ಅಲ್ಲಿಂದ ಬೆಂಗಳೂರಿಗೆ ಹೋಗುವ ಗೆಳೆಯರು ಕಂಟೈನರ್‌ನಲ್ಲಿ ಆ್ಯಪ್ ಓಡಿಸುವುದನ್ನು ಬೇಗ ಕಲಿಯುತ್ತಾರೆ. ಅದು ಓಡದೆ ನಿಂತಾಗ ಏನು ಮಾಡಬೇಕೆಂದು ಹೇಳಿಕೊಡುವವರು ಕಡಿಮೆ. ನಮ್ಮ ಲ್ಯಾಬ್ ರೆಕಾರ್ಡ್‌ಗಳಲ್ಲಿ ಸರಿ ಬಂದ ಔಟ್‌ಪುಟ್‌ಗೆ ಮಾತ್ರ ಜಾಗ. ತಪ್ಪಿದ್ದನ್ನು ಅಳಿಸಿಬಿಡುವುದೇ ರೂಢಿ. ಕೆಲಸಕ್ಕೆ ಸೇರಿದ ಮೇಲೆ ಈ ರೂಢಿ ದುಬಾರಿಯಾಗುತ್ತದೆ.

ಕಂಟೈನರ್‌ಗಳನ್ನು ನಿರ್ವಹಿಸುವ ಕುಬರ್ನೆಟಿಸ್ ಅನ್ನೇ ನೋಡಿ. ಹೊಸ ಆವೃತ್ತಿ ಬಿಡುವ ಮುನ್ನ ಡೇಟಾಬೇಸ್ ಬದಲಿಸುವಂಥ ಒಂದು ಸಲದ ಕೆಲಸಕ್ಕೆ ಅಲ್ಲಿ ‘ಜಾಬ್’ ಎನ್ನುತ್ತಾರೆ. ವಿಫಲವಾದರೆ, ನಾವು ಬೇರೆ ಮಿತಿ ಕೊಡದಿದ್ದಲ್ಲಿ, 6 ಬಾರಿ ಮರುಪ್ರಯತ್ನಿಸಿ ಕೈಚೆಲ್ಲುತ್ತದೆ. ಆದರೆ ತಾನಾಗಿ ಅಳಿಯುವುದಿಲ್ಲ. ಅದೇ ಹೆಸರಲ್ಲಿ ತಿದ್ದಿದ ಜಾಬ್ ಹಾಕಲು ಹೋದರೆ ಹಳೆಯದು ಅಡ್ಡ ಬರುತ್ತದೆ. ಗಡಿಬಿಡಿಯಲ್ಲಿ ಅದನ್ನು ಅಳಿಸುತ್ತೇವೆ. ಜಾಬ್ ಜತೆಗೆ ಅದರ ಪಾಡ್ ಹೋಗುತ್ತದೆ, ಪಾಡ್ ಜತೆಗೆ ಲಾಗ್ ಕೂಡ. ಯಾಕೆ ಸೋತಿತು ಎಂದು ಹೇಳಬಲ್ಲ ಸಾಕ್ಷಿ ಅದೊಂದೇ ಆಗಿರಬಹುದು.

ಹಾಗೆಂದು ಅಳಿಸಲೇಬಾರದು ಎನ್ನಲಾಗದು. ಮುಗಿದ ಜಾಬ್‌ಗಳು ರಾಶಿಬಿದ್ದರೆ ಇಡೀ ವ್ಯವಸ್ಥೆಗೆ ಹೊರೆ. ಅದಕ್ಕೆಂದೇ, ಮುಗಿದ ಇಷ್ಟು ಸೆಕೆಂಡಿನ ನಂತರ ಅಳಿಸು ಎಂದು ಹೇಳುವ ಸೌಲಭ್ಯ 2021ರ 1.23ನೇ ಆವೃತ್ತಿಯಲ್ಲಿ ಸ್ಥಿರವಾಯಿತು. ಅಲ್ಲಿ ಸೊನ್ನೆ ಕೊಟ್ಟರೆ ಮುಗಿದ ಕೂಡಲೇ ಅಳಿಯುತ್ತದೆ. 86,400 ಕೊಟ್ಟರೆ ಓದಲು ಒಂದು ದಿನ ಸಿಗುತ್ತದೆ. ಹೆಲ್ಮ್ ಹುಕ್ ಆಗಿ ಹಾಕಿದ ಜಾಬ್‌ಗೆ, ಯಶಸ್ವಿಯಾದರೆ ಮಾತ್ರ ಅಳಿಸು ಎಂದೂ ಹೇಳಬಹುದು. ಲಾಗ್ ಬೇರೆಡೆ ಉಳಿಸಿಟ್ಟರಂತೂ ನಿಶ್ಚಿಂತೆ. ಮೊದಲು ಓದು, ಆಮೇಲೆ ಉಳಿಸು, ಕೊನೆಗೆ ಅಳಿಸು: ಈ ಕ್ರಮ ತಪ್ಪಬಾರದು.

ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನೀರು ಬಾರದಿದ್ದರೆ ಎಲ್ಲಿ ನಿಂತಿದೆ ಎಂದು ಕಾಲುವೆಗುಂಟ ನೋಡಿಕೊಂಡು ಹೋಗಬೇಕು. ಅದನ್ನು ಬಿಟ್ಟು ಸಿಕ್ಕಲ್ಲಿ ಹೂಳೆತ್ತಿದರೆ ಗದ್ದೆಗೆ ನೀರು ಬಂದೀತೇ?

ಇದನ್ನು ಕಲಿಯಲು ಬೆಂಗಳೂರೇ ಆಗಬೇಕೆಂದಿಲ್ಲ. ಮಿನಿಕ್ಯೂಬ್ ಉಚಿತ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಬೇಕೆಂದೇ ಒಂದು ಜಾಬ್ ಸೋಲಿಸಿ, ಲಾಗ್ ಓದಿ, ಕಾರಣ ಬರೆದಿಡಿ. ಉಪನ್ಯಾಸಕರಲ್ಲೂ ಒಂದು ಮನವಿ: ಲ್ಯಾಬ್ ರೆಕಾರ್ಡ್‌ನಲ್ಲಿ ಸೋತ ಪ್ರಯೋಗಕ್ಕೂ ಒಂದು ಪುಟ, ಆ ಪುಟಕ್ಕೂ ಅಂಕ ಇರಲಿ. ಸಂದರ್ಶನದಲ್ಲಿ ‘ಡಿಪ್ಲಾಯ್ ನಿಂತರೆ ಏನು ಮಾಡುತ್ತೀರಿ?’ ಎಂದು ಕೇಳಿದಾಗ ಉತ್ತರ ಹೊಳೆಯುವುದು ಆ ಪುಟದಿಂದಲೇ.