ಸದ್ದಲೇ ಎನ್ನುವವರಿಲ್ಲದ ಟೀವಿ



ನಮ್ಮ ಹಡಗಲಿ ಸೀಮೆಯ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲು ಏರಿ 'ಸದ್ದಲೇ' ಅಂತಾನೆ. ನೆರೆದ ಲಕ್ಷಾಂತರ ಜನ ಗಪ್‌ಚಿಪ್. ಆಮೇಲೆ ಒಂದೇ ಒಂದು ಮಾತು. ಅದೇ ಕಾರ್ಣಿಕ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಆ ಒಂದು ಮಾತನ್ನು ಟೀವಿಯವರು ಏನು ಮಾಡ್ತಾರೆ ನೋಡ್ರಿ. ಕೆಂಪು ಪಟ್ಟಿ, ಎದೆ ಬಡಿಯುವ ಸಂಗೀತ, ಅದೇ ಚಿತ್ರ ಹತ್ತು ಸಲ, ಇಪ್ಪತ್ತು ಸಲ. ಮುಖ್ಯಮಂತ್ರಿಯ ಕುರ್ಚಿ ಉಳೀತದೋ ಬೀಳ್ತದೋ ಅಂತ ನಾಲ್ಕು ಮಂದಿ ಒಮ್ಮೆಲೇ ಕಿರುಚಾಟ. ಮಳೆ ಬೆಳೆ ಏನಾಗ್ತದೆ ಅಂತ ಕೇಳಲು ಬಂದ ಕೂಲಿಕಾರನ ಬಾಯಿಗೆ ಮೈಕು ಹೋಗುವುದು ಅಪರೂಪ.

ಇದನ್ನು ಗದ್ದಲ ಅಂತ ನಕ್ಕು ಬಿಡಬೇಡಿ. ಈ ವೇಗಕ್ಕೂ ಒಂದು ಜಾತಿ ಇದೆ.

ಹೇಗಂತೀರಾ? ಟೀವಿಗೆ ಬೇಕಾದದ್ದು ಅರ್ಧ ನಿಮಿಷದಲ್ಲಿ ಭಗ್ಗನೆ ಉರಿಯುವ ಸುದ್ದಿ. ನಮ್ಮ ನೋವು ಬೂದಿಯೊಳಗಿನ ಕೆಂಡ, ವರ್ಷಗಟ್ಟಲೆ ಸುಡ್ತದೆ. ತುಂಗಭದ್ರೆಯ ಆಚೆ ಗಂಗಾವತಿ ತಾಲ್ಲೂಕಿನ ಮರಕುಂಬಿಯನ್ನೇ ನೋಡಿ. 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಇಟ್ಟರು. ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರಿನಲ್ಲಿ. ಮರು ತಿಂಗಳೇ ಅವರಲ್ಲಿ ಹೆಚ್ಚಿನವರಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ನಡುವಿನ ಹತ್ತು ವರ್ಷ ಆ ಕೇರಿ ಹೇಗೆ ಬದುಕಿತು? ಸಾಕ್ಷಿ ಹೇಳುವವರು ಯಾರ ಹೊಲಕ್ಕೆ ಕೂಲಿಗೆ ಹೋದರು? ಹತ್ತು ವರ್ಷಕ್ಕೆ 'ಬ್ರೇಕಿಂಗ್' ಪಟ್ಟಿ ಹಚ್ಚಲು ಬರುವುದಿಲ್ಲ.

ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯ್ದೆ ಬಂದದ್ದು 1982ರಲ್ಲಿ. ಆಮೇಲೂ ಎಷ್ಟು ವರ್ಷ ನಮ್ಮ ಕೂಡ್ಲಿಗಿ, ಹರಪನಹಳ್ಳಿ ಕಡೆಯ ತಾಯಂದಿರು ಮಕ್ಕಳ ಅರ್ಜಿಯಲ್ಲಿ ತಂದೆ ಹೆಸರಿನ ಖಾಲಿ ಗೆರೆಯ ಮುಂದೆ ತಡವರಿಸಿದರು! ಆ ತಡವರಿಕೆಗೆ ಯಾವ ಸಂಗೀತ ಹಾಕ್ತೀರಿ ಸ್ವಾಮಿ?

ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ 2019ರಲ್ಲಿ ಲೆಕ್ಕ ತೆಗೆದರು. ಅವರು ನೋಡಿದ ಸುದ್ದಿಮನೆಗಳ 121 ಮುಖ್ಯ ಹುದ್ದೆಗಳಲ್ಲಿ 106 ಮೇಲ್ಜಾತಿಯವರ ಕೈಲಿ. ಪರಿಶಿಷ್ಟ ಜಾತಿ, ಪಂಗಡದವರು ಸೊನ್ನೆ! ಅದು ಹಿಂದಿ, ಇಂಗ್ಲಿಷಿನ ಲೆಕ್ಕ. ಯಾವುದು ತುರ್ತು, ಯಾವುದು ಕಾಯಬಹುದು ಅಂತ ಗಡಿಯಾರ ತಿರುಗಿಸುವ ಕೈ ಯಾವುದು ಅಂತ ಇದರಿಂದ ತಿಳೀತದೆ.

ಹಳೇ ದೂರದರ್ಶನವೇ ವಾಸಿ, ತಣ್ಣಗೆ ಓದ್ತಿದ್ದರು ಅನ್ನುವ ಮೇಷ್ಟ್ರುಗಳಿದ್ದಾರೆ. ಮಂತ್ರಿ ಅಡಿಗಲ್ಲು ಹಾಕಿದ್ದನ್ನು ನಿಧಾನ ಓದಿದರೆ ಅದು ನಮ್ಮ ಸುದ್ದಿ ಆಗ್ತದೇನು? ನಮಗೆ ಬೇಕಾದದ್ದು ಕೇಳಿಸಿಕೊಳ್ಳುವ ವ್ಯವಧಾನ. ಬಾಬಾಸಾಹೇಬರು 1920ರ ಜನವರಿ 31ರಂದು ಶುರು ಮಾಡಿದ 'ಮೂಕನಾಯಕ' ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಬಾಯಿಲ್ಲದವರಿಗೆ ಬಾಯಿ ಕೊಡಲು ಅದಕ್ಕೆ ಗಂಟಲು ಹರಿಯುವ ಕೂಗು ಬೇಕಾಗಲಿಲ್ಲ.

ಕನ್ನಡ ಚಾನೆಲ್ಲುಗಳ ಲೆಕ್ಕ ನಾವೇ ಹಿಡಿಯೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹಾಸ್ಟೆಲ್ಲುಗಳಲ್ಲಿ ಒಂದು ವಾರ, ರಾತ್ರಿ ಒಂದು ತಾಸು, ಟೀವಿಯಲ್ಲೋ ಮೊಬೈಲಲ್ಲೋ ಸುದ್ದಿ ನೋಡಿ. ಕೈಯಲ್ಲಿ ನೋಟುಬುಕ್ಕು ಇರಲಿ. ಯಾರ ಸುದ್ದಿ, ಎಷ್ಟು ನಿಮಿಷ? ಒಂದೇ ಚಿತ್ರ ಎಷ್ಟು ಸಲ? ಕೇರಿಯವರ ಬಾಯಿಗೆ ಮೈಕು ಎಷ್ಟು ಸೆಕೆಂಡು? ಅವರ ಮಾತನ್ನು ನಡುವೆ ಕತ್ತರಿಸಿದವರು ಯಾರು? ಬರೆದು ಮುಂದಿನ ಸಭೆಗೆ ತನ್ನಿ. ಒಟ್ಟು ಹಾಕಿ ಅವರ ಬಾಗಿಲಿಗೇ ಒಯ್ಯೋಣ. ಲೆಕ್ಕವಿಲ್ಲದೆ ಬೈದರೆ ನಮ್ಮದೂ ಇನ್ನೊಂದು ಗದ್ದಲ ಆಗ್ತದೆ.