ಅಪ್ಪನ ಇಂಜಿನ್, ನನ್ನ 25 ಸಾವಿರ

ಬಿಳಿಗಿರಿರಂಗನ ಬೆಟ್ಟದ ದಾರಿಯ ಗೇಟನ್ನು ಸಂಜೆ ಆರಕ್ಕೆ ಹಾಕುತ್ತಾರೆ. ನಮ್ಮ ವ್ಯಾನು ಏರಿನಲ್ಲಿ ನಿಂತಾಗ ಗಂಟೆ ಐದೂ ಕಾಲು. ಯಳಂದೂರು ದಾಟಿ, ಗುಂಬಳ್ಳಿ ಚೆಕ್‌ಪೋಸ್ಟ್ ಬಿಟ್ಟು, ಕಾಡಿನೊಳಗೆ ನಾಲ್ಕೈದು ತಿರುವು ಹತ್ತಿದ್ದೆವು ಅಷ್ಟೆ. ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯ್ತು, ಬಾನೆಟ್ ಸಂದಿಯಿಂದ ಆವಿ ಎದ್ದಿತು. ಹಿಂದೆ ನಾನೇ ಎರಡು ತಿಂಗಳು ಕೂತು ಮಾಡಿಸಿದ ಮಂಚ, ಸಿಂಕು, ಸೋಲಾರ್ ಬ್ಯಾಟರಿ. ಪಕ್ಕದ ಸೀಟಿನಲ್ಲಿ ಅಪ್ಪ.

2011ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ. ರಾತ್ರಿ ಅಲ್ಲೇ ಉಳಿದರೆ ಫಾರೆಸ್ಟಿನವರು ಮೊದಲು ಬರ್ತಾರೋ, ಆನೆ ಮೊದಲು ಬರುತ್ತೋ ಹೇಳೋಕಾಗಲ್ಲ. ಗಾಬರಿಯಲ್ಲಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಅಪ್ಪ ನನ್ನ ಮಣಿಕಟ್ಟು ಹಿಡಿದರು. "ಮುಖ ಸುಟ್ಕೊಂಡೀಯೆ, ಸುಮ್ನೆ ನಿಂತ್ಕೊಳ್ಳಾ." ಅರ್ಧ ಗಂಟೆ ಕಾದೆವು. ಬಟ್ಟೆ ಸುತ್ತಿ ಮುಚ್ಚಳವನ್ನು ನಿಧಾನಕ್ಕೆ ಬಿಚ್ಚಿ, ಕ್ಯಾಂಪರ್‌ನ ಟ್ಯಾಂಕಿನಿಂದ ನೀರು ಹಿಡಿದು ಸ್ವಲ್ಪ ಸ್ವಲ್ಪವೇ ಹುಯ್ದೆವು. ವ್ಯಾನು ತಿರುಗಿಸಿ ಫಸ್ಟ್ ಗೇರಿನಲ್ಲಿ ಇಳಿದೆವು. ಗೇಟು ದಾಟಿದಾಗ ಆರಕ್ಕೆ ಐದು ನಿಮಿಷ.

"ಅಪ್ಪ, ಈ ಇಂಜಿನ್ ಕಥೆ ಮುಗೀತು. ಬೇರೆ ಹಾಕ್ಸಣ" ಅಂದೆ. ಕೊಳ್ಳೇಗಾಲ ಬರೋವರೆಗೂ ಅಪ್ಪ ಮಾತಾಡಲಿಲ್ಲ.

ಈ ವ್ಯಾನಿನ ಬಗ್ಗೆ ಎರಡು ಮಾತು ಹೇಳಬೇಕು. ಇದು 2003ರ ಟೆಂಪೋ ಟ್ರಾವೆಲರ್. ಬಜಾಜ್ ಟೆಂಪೋ ಕಂಪನಿ ಆಗಿನ್ನೂ ಫೋರ್ಸ್ ಮೋಟಾರ್ಸ್ ಅಂತ ಹೆಸರು ಬದಲಿಸಿಕೊಂಡಿರಲಿಲ್ಲ. ಅಪ್ಪ ಇದನ್ನು ಕೊಳ್ಳೇಗಾಲ, ಹನೂರು, ಮಾದಪ್ಪನ ಬೆಟ್ಟದ ದಾರಿಯಲ್ಲಿ ಹದಿನೈದು ವರ್ಷ ಓಡಿಸಿದರು. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆ, ಯಾವುದನ್ನೂ ಬಿಟ್ಟವರಲ್ಲ. ಜನ ದರ್ಶನಕ್ಕೆ ಹೋದರೆ ಅಪ್ಪ ಡ್ರೈವರ್ ಸೀಟಿನಲ್ಲೇ ಕಾಲು ಮಡಚಿ ಮಲಗೋರು. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಈ ವ್ಯಾನು. ಮೊಣಕಾಲು ಕೈಕೊಟ್ಟ ಮೇಲೆ ಅಪ್ಪ ಗಾಡಿಯನ್ನು ಬಿಳಿ ಬೋರ್ಡ್ ಮಾಡಿಸಿ ಶೆಡ್ಡಿನಲ್ಲಿ ನಿಲ್ಲಿಸಿದರು. ಮೂರು ವರ್ಷ ಹೆಚ್ಚುಕಮ್ಮಿ ಹಾಗೇ ನಿಂತಿತ್ತು. ಆಮೇಲೆ ನಾನು ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿಂದ ಊರಿಗೆ ಬಂದೆ, ಕ್ಯಾಂಪರ್ ಹುಚ್ಚು ಹಿಡೀತು. ಆಸೆ ಒಂದೇ: ಅಪ್ಪ ಮಾದಪ್ಪನ ಬೆಟ್ಟದಲ್ಲಿ ಒಂದು ರಾತ್ರಿಯಾದರೂ ಕಾಲು ಚಾಚಿ ಮಲಗಬೇಕು.

ಯಳಂದೂರಿನ ಏರೇ ಹತ್ತದ ಗಾಡಿ ತಾಳಬೆಟ್ಟದ ಘಾಟಿ ಹತ್ತುತ್ತಾ?

ಅವತ್ತು ರಾತ್ರಿಯೇ ಫೋನಿನಲ್ಲಿ ಹುಡುಕಾಟ ಶುರು. ಹಳೇ ವ್ಯಾನುಗಳಿಗೆ ಬೇರೆ ಡೀಸೆಲ್ ಇಂಜಿನ್ ಕೂರಿಸೋ ವಿಡಿಯೋಗಳು ಬೇಕಾದಷ್ಟಿವೆ. ಹತ್ತು ನಿಮಿಷದಲ್ಲಿ ಹಳೇದು ಕ್ರೇನಿನಲ್ಲಿ ಮೇಲೇಳುತ್ತೆ, ಹೊಸದು ಒಳಗೆ ಕೂರುತ್ತೆ, ಹಿನ್ನೆಲೆಯಲ್ಲಿ ಮ್ಯೂಸಿಕ್. ಈಗಿನ ಟ್ರಾವೆಲರ್‌ನಲ್ಲಿ 2.6 ಲೀಟರ್ ಕಾಮನ್ ರೈಲ್ ಟರ್ಬೊ ಇಂಜಿನ್ ಇದೆ: ಸುಮಾರು 115 ಎಚ್‌ಪಿ, 350 ನ್ಯೂಟನ್ ಮೀಟರ್ ಟಾರ್ಕ್. ನಮ್ಮದರಲ್ಲಿರೋದು ಮರ್ಸಿಡಿಸ್ ಲೈಸೆನ್ಸಿನಲ್ಲಿ ಇಲ್ಲೇ ತಯಾರಾದ ಹಳೇ ಒಎಂ 616. 2,399 ಸಿಸಿ, ಟರ್ಬೊ ಇಲ್ಲ. 1970ರ ದಶಕದ ಮರ್ಸಿಡಿಸ್ 240ಡಿ ಕಾರಿನಲ್ಲಿ ಇದೇ ಇಂಜಿನ್ 65ರಿಂದ 72 ಎಚ್‌ಪಿ ಕೊಡ್ತಿತ್ತು. ನನ್ನ ಸಾಫ್ಟ್‌ವೇರ್ ತಲೆಗೆ ಇದು ವರ್ಷನ್ ಅಪ್‌ಗ್ರೇಡ್ ಥರ ಕಂಡಿತು. ಆಕ್ಸಿಡೆಂಟ್ ಆದ ಗಾಡಿಯ ಇಂಜಿನ್ ಒಂದು ಗುಜರಿಯವರ ಹತ್ತಿರ ಸಿಕ್ತು. ಅಪ್ಪನಿಗೆ ಹೇಳದೆ 25 ಸಾವಿರ ಅಡ್ವಾನ್ಸ್ ಕೊಟ್ಟೆ.

ಮಾರನೇ ವಾರ ಅಪ್ಪನ ಕಾಲದ ಮೇಸ್ತ್ರಿ ಹತ್ತಿರ ಹೋದೆ. ಅವರು ಪೂರ್ತಿ ಕೇಳಿಸ್ಕೊಂಡು, "ಇಂಜಿನ್ ಕೂರಿಸೋದು ಎರಡು ದಿನದ ಕೆಲ್ಸ ಕನಪ್ಪ. ಗಾಡಿಗೆ ಒಗ್ಗಿಸೋದು ಎರಡು ತಿಂಗಳು" ಅಂದರು.

ಮೊದಲನೇದು ಗೇರ್ ಬಾಕ್ಸ್. ಎರಡು ಇಂಜಿನ್‌ಗಳ ಬೋಲ್ಟ್ ತೂತು ಒಂದೇ ಕಡೆ ಇರಲ್ಲ. ಮಧ್ಯೆ ಲೇತಿನಲ್ಲಿ ಪ್ಲೇಟ್ ಮಾಡಿಸಬೇಕು. ಅದು ಕೂದಲೆಳೆಯಷ್ಟು ಓರೆಯಾದರೂ ಬೇರಿಂಗ್ ತಿಂದು ಹಾಕುತ್ತೆ. ಇಂಜಿನ್ ಜೊತೆ ಅದರದ್ದೇ ಗೇರ್ ಬಾಕ್ಸ್ ತಂದರೆ ಪ್ರೊಪೆಲ್ಲರ್ ಶಾಫ್ಟ್ ಉದ್ದ, ಗೇರ್ ಲಿವರ್ ಜಾಗ ಎಲ್ಲ ಬದಲು. ಎರಡನೇದು ಜಾಗ. ಆಯಿಲ್ ಸಂಪ್ ಕೆಳಗಿನ ಆಕ್ಸಲ್‌ಗೆ ತಾಗಬಾರದು, ಮೌಂಟಿಂಗ್ ಹೊಸದಾಗಿ ವೆಲ್ಡ್ ಆಗಬೇಕು, ಟರ್ಬೊ ಇದ್ದರೆ ಇಂಟರ್‌ಕೂಲರ್ ಮತ್ತು ದೊಡ್ಡ ರೇಡಿಯೇಟರಿಗೆ ಮುಂದೆ ಜಾಗ ಬೇಕು.

ಮೂರನೇದು ಕೇಳಿದಾಗ ನನಗೆ ನಿಜಕ್ಕೂ ಭಯ ಆಯ್ತು. ಬ್ರೇಕ್ ಪೆಡಲ್ ಹಗುರ ಆಗೋದು ವ್ಯಾಕ್ಯೂಮ್‌ನಿಂದ. ಪೆಟ್ರೋಲ್ ಇಂಜಿನ್ ಗಾಳಿ ಎಳೆಯುವಾಗಲೇ ಅದು ಸಿಗುತ್ತೆ. ಡೀಸೆಲ್‌ನಲ್ಲಿ ಹಾಗೆ ಸಿಗಲ್ಲ, ಇಂಜಿನ್ ತಿರುಗಿಸೋ ಬೇರೆ ಪಂಪ್ ಇರುತ್ತೆ. ಹೊಸ ಇಂಜಿನ್‌ನ ಪಂಪು ಹಳೇ ಬ್ರೇಕ್ ಬೂಸ್ಟರಿಗೆ ಸಾಲದೆ ಹೋದರೆ ಊರಲ್ಲಿ ಗೊತ್ತೇ ಆಗಲ್ಲ. ಗೊತ್ತಾಗೋದು ಘಾಟಿ ಇಳಿಯುವಾಗ, ಮೇಲಿಂದ ಮೇಲೆ ಬ್ರೇಕ್ ಒತ್ತಿದ ಮೇಲೆ. "ಹತ್ತೋಕೆ ಇಂಜಿನ್ ಕೇಳ್ತಿದ್ದೀಯ. ಇಳಿಯೋದು ಯಾರು ನೋಡ್ತಾರೆ?" ಅಂದರು ಮೇಸ್ತ್ರಿ.

ನಾಲ್ಕನೇದು ನನ್ನದೇ ಫೀಲ್ಡು. ಹಳೇ ಇಂಜಿನ್‌ಗೆ ಸ್ಟಾರ್ಟರ್ ತಿರುಗೋಕೆ, ಗ್ಲೋ ಪ್ಲಗ್ ಬಿಸಿಯಾಗೋಕೆ ಕರೆಂಟ್ ಬೇಕು. ಒಮ್ಮೆ ಶುರುವಾದರೆ ಅದರ ಪಾಡಿಗೆ ಅದು ಓಡುತ್ತೆ, ಡೀಸೆಲ್ ಎಷ್ಟು ಅಂತ ಅಳೆಯೋದು ಪೂರಾ ಮೆಕ್ಯಾನಿಕಲ್ ಪಂಪು. ಕಾಮನ್ ರೈಲ್‌ನಲ್ಲಿ ಆ ಕೆಲಸ ಇಸಿಯು ಎಂಬ ಕಂಪ್ಯೂಟರಿನದು. ಸಾವಿರ ಬಾರ್‌ಗೂ ಮೀರಿದ ಒತ್ತಡದ ಡೀಸೆಲ್ಲನ್ನು ಯಾವ ಕ್ಷಣಕ್ಕೆ ಎಷ್ಟು ಚಿಮ್ಮಿಸಬೇಕು ಅಂತ ಅದೇ ಲೆಕ್ಕ ಹಾಕುತ್ತೆ. ಆ್ಯಕ್ಸಿಲರೇಟರ್ ಪೆಡಲ್, ಕೀಲಿಯ ಇಮ್ಮೊಬಿಲೈಸರ್, ಹತ್ತಾರು ಸೆನ್ಸರ್ ಎಲ್ಲವೂ ತಾನು ಹುಟ್ಟಿದ ಗಾಡಿಯಲ್ಲಿದ್ದ ಹಾಗೇ ಇರಲಿ ಅಂತ ಬಯಸುತ್ತೆ. ಒಂದು ಉತ್ತರ ಬರದಿದ್ದರೂ ಶಕ್ತಿ ಇಳಿಸಿ ತೆವಳುತ್ತೆ, ಇಲ್ಲವೇ ಸ್ಟಾರ್ಟೇ ಆಗಲ್ಲ. ಒಂದು ಲೈಬ್ರರಿ ಬೇಕು ಅಂತ ಹೋಗಿ ಇಡೀ ಆಪರೇಟಿಂಗ್ ಸಿಸ್ಟಮ್ ಹೊತ್ತು ತಂದ ಹಾಗೆ.

ಎಲ್ಲ ಸೇರಿ ಮೂರು ಲಕ್ಷದ ಹತ್ತಿರ ಅಂದರು. ಆದರೂ ನನ್ನ ಹಠ ಇಳಿದಿರಲಿಲ್ಲ. ಇಳಿಸಿದ್ದು ಕಾನೂನು.

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲದಲ್ಲಿ ನಮೂದಿಸಿದ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ಗಾಡಿಯನ್ನು ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ನಿಯಮ ಮೀರಿ ಗಾಡಿ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಕೆಟ್ಟ ಇಂಜಿನ್ ತೆಗೆದು ಅದೇ ಮಾದರಿಯದು ಹಾಕಿ, ಅನುಮತಿ ಪಡೆದು ಹೊಸ ನಂಬರ್ ಆರ್‌ಸಿಯಲ್ಲಿ ಬರೆಸೋದು ಬೇರೆ ಮಾತು. ಬೇರೆ ಜಾತಿಯ ಇಂಜಿನ್ ಕೂರಿಸಿ ಸುಮ್ಮನಿರೋದು ಬೇರೆ ಮಾತು. ಜರ್ಮನಿ, ಆಸ್ಟ್ರೇಲಿಯಾದಲ್ಲಿ ಪರಿಣತರ ಕೈಯಲ್ಲಿ ತಪಾಸಣೆ ಮಾಡಿಸಿ ಇಂಥ ಬದಲಾವಣೆಗೆ ಸರ್ಟಿಫಿಕೇಟ್ ಪಡೆಯೋ ದಾರಿ ಇದೆ. ನಾನು ನೋಡಿದ ವಿಡಿಯೋಗಳು ಬಹುಪಾಲು ಅಂಥ ದೇಶದವು. ಇಲ್ಲಿ ಹಾಗೆ ಮಾಡಿ ಏನಾದರೂ ಆಕ್ಸಿಡೆಂಟ್ ಆದರೆ, ಕ್ಲೇಮ್ ಬೇಡ ಅನ್ನೋಕೆ ಇನ್ಶೂರೆನ್ಸಿನವರಿಗೆ ಕಾರಣ ನಾನೇ ಕೈಯಾರೆ ಕೊಟ್ಟಂತೆ. ಆರ್‌ಸಿ ಇರೋದು ಅಪ್ಪನ ಹೆಸರಲ್ಲಿ.

ಮನೆಗೆ ಬಂದು ಅಡ್ವಾನ್ಸ್ ವಿಷಯ ಒಪ್ಪಿಕೊಂಡೆ. ಅಪ್ಪ ಬೈಯಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಕೇಳಿದರು: "ನಿನ್ನ ಮಂಚ, ನೀರು, ಬ್ಯಾಟ್ರಿ ಎಲ್ಲ ಎಷ್ಟು ತೂಕ ಆಯ್ತದೆ?"

ಲೆಕ್ಕ ಹಾಕಿದೆ. ಪ್ಲೈವುಡ್ ಏಳು ಶೀಟು, ಸುಮಾರು 230 ಕೆಜಿ. ಎರಡು ಟ್ಯೂಬುಲರ್ ಬ್ಯಾಟರಿ 110. ನೀರು 120 ಲೀಟರ್ ಅಂದರೆ 120 ಕೆಜಿ. ಒಟ್ಟು 460.

"ನಾನು ಹನ್ನೆರಡು ಜನನ್ನ ಕೂರಿಸ್ಕೊಂಡು, ಮೇಲೆ ಅವ್ರ ಗಂಟುಮೂಟೆ ಹೇರ್ಕೊಂಡು ಇದೇ ಇಂಜಿನ್ನಲ್ಲಿ ಬೆಟ್ಟ ಹತ್ತಿವ್ನಿ ಕನ್ಲಾ."

ಹನ್ನೆರಡು ಜನ ಅಂದರೆ ತಲೆಗೆ 65 ಕೆಜಿ ಹಿಡಿದರೂ 780 ಕೆಜಿ. ನನ್ನ ಕ್ಯಾಂಪರ್ ಅಪ್ಪನ ಜಾತ್ರೆ ಟ್ರಿಪ್ಪಿಗಿಂತ ಹಗುರ! ಇಂಜಿನಿಯರಿಂಗ್ ಓದಿದವನಿಗೆ ಹೊಳೆಯದ್ದು ಅದು. ಆಮೇಲೆ ಕಾಗದ ಹಿಡಿದು ಕೂತೆ. 3 ಟನ್ ಗಾಡಿ, ನೂರು ಮೀಟರಿಗೆ 8 ಮೀಟರ್ ಏರು, ಗಂಟೆಗೆ 30 ಕಿಲೋಮೀಟರ್ ವೇಗ. ಗುರುತ್ವಾಕರ್ಷಣೆಗೂ ಟೈರಿನ ಉಜ್ಜಾಟಕ್ಕೂ ಸೇರಿ ಚಕ್ರದ ಹತ್ತಿರ ಬೇಕಾಗೋದು ಸುಮಾರು 31 ಎಚ್‌ಪಿ. ಆರೋಗ್ಯವಾಗಿರೋ ಹಳೇ ಇಂಜಿನ್‌ಗೆ ಇದು ಭಾರವೇನಲ್ಲ. ಅಂದರೆ ಇಂಜಿನ್ ಚಿಕ್ಕದಾಗಿರಲಿಲ್ಲ, ಕಾಯಿಲೆ ಬಿದ್ದಿತ್ತು. ನಾನು ಪರೀಕ್ಷೆ ಮಾಡಿಸದೆ ಹೃದಯ ಬದಲಾಯಿಸೋಕೆ ಹೊರಟಿದ್ದೆ.

ಮೇಸ್ತ್ರಿ ಒಂದೊಂದಾಗಿ ನೋಡಿದರು. ರೇಡಿಯೇಟರ್ ಬಿಚ್ಚಿದರೆ ಒಳಗೆ ಸುಣ್ಣದಂಥ ಬಿಳಿ ಪದರ, ಅರ್ಧ ದಾರಿ ಮುಚ್ಚಿತ್ತು. ಕೂಲಂಟ್ ಯಾಕೆ ಅಂತ ವ್ಯಾನು ನಿಂತಿದ್ದ ಕಾಲದಿಂದಲೂ ಬೋರ್‌ವೆಲ್ ಗಡಸು ನೀರು ಹುಯ್ಯುತ್ತಿದ್ದವನು ನಾನೇ. ಮೂರು ವರ್ಷ ನಿಂತ ಡೀಸೆಲ್ ಟ್ಯಾಂಕಿನಲ್ಲಿ ತುಕ್ಕು, ಅದು ಬಂದು ಫಿಲ್ಟರ್ ಕಟ್ಟಿತ್ತು. ಕಂಪ್ರೆಷನ್ ನೋಡಿದಾಗ ಒಂದು ಸಿಲಿಂಡರ್ ಉಳಿದ ಮೂರಕ್ಕಿಂತ ತುಂಬಾ ಕೆಳಗಿತ್ತು. ಡೀಸೆಲ್‌ನಲ್ಲಿ ಕಿಡಿ ಇರಲ್ಲ, ಗಾಳಿಯನ್ನು ಅದುಮಿ ಬಿಸಿ ಮಾಡೋದ್ರಿಂದಲೇ ಉರಿಯೋದು. ಈ ಇಂಜಿನ್ ಗಾಳಿಯನ್ನು ಸುಮಾರು 21ರಲ್ಲಿ ಒಂದು ಪಾಲಿಗೆ ಅದುಮುತ್ತೆ. ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ಎಲ್ಲ ಸೋರಿಹೋಗುತ್ತೆ. ಇದರ ವಾಲ್ವ್ ಸಂದನ್ನು ಆಗಾಗ ಅಳತೆ ನೋಡಿ ಸರಿ ಮಾಡ್ತಿರಬೇಕು. ಅಪ್ಪ ತಪ್ಪದೆ ಮಾಡಿಸ್ತಿದ್ದರು, ನನಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ.

ಹೆಡ್ ಇಳಿಸಿ ವಾಲ್ವ್ ಗ್ರೈಂಡಿಂಗ್, ಹೊಸ ಗ್ಯಾಸ್ಕೆಟ್, ನಾಲ್ಕು ನಾಜಲ್, ರೇಡಿಯೇಟರ್ ಕೋರ್, ಟ್ಯಾಂಕ್ ಕ್ಲೀನಿಂಗ್, ಕೂಲಂಟ್. ಕೂಲಿ ಸೇರಿ 58 ಸಾವಿರ. ಗುಜರಿಯವರು ಅಡ್ವಾನ್ಸ್ ವಾಪಸ್ ಕೊಡಲಿಲ್ಲ. ಅದು ನನ್ನ ಟ್ಯೂಷನ್ ಫೀಸು.

ನಿಮ್ಮ ಮನೆ ಶೆಡ್ಡಿನಲ್ಲೂ ಹಳೇ ವ್ಯಾನಿದ್ದು, ಕ್ಯಾಂಪರ್ ಮಾಡೋ ಆಸೆ ಇದ್ದರೆ ಇಷ್ಟು ಮಾಡಿ. ಇಂಜಿನ್ ಬದಲಿಸೋ ಮಾತಿಗೆ ಮುಂಚೆ ಕಂಪ್ರೆಷನ್, ವಾಲ್ವ್ ಸಂದು, ರೇಡಿಯೇಟರ್, ಡೀಸೆಲ್ ಲೈನ್ ನೋಡಿಸಿ. ಬ್ರೇಕ್ ಹಿಡಿದುಕೊಂಡೇ ಚಕ್ರ ತಿರುಗ್ತಿದೆಯಾ ಅಂತಲೂ ನೋಡಿಸಿ. ಪಿಕಪ್ ಇಲ್ಲ ಅನ್ನೋ ದೂರಿಗೆ ಕಾರಣ ಇಲ್ಲೇ ಸಿಗಬಹುದು. ಇಂಜಿನ್ ನಿಜಕ್ಕೂ ಸತ್ತಿದ್ದರೆ ಅದೇ ಮಾದರಿಯದು ಹುಡುಕಿ, ಮಾರಿದವರಿಂದ ದಾಖಲೆ ತಗೊಳ್ಳಿ, ಮೊದಲು ಆರ್‌ಟಿಒ ಅನುಮತಿ, ಆಮೇಲೆ ಸ್ಪ್ಯಾನರ್. ಸೀಟು ಕಡಿಮೆ ಮಾಡಿದ್ದರೆ ಅದೂ ಆರ್‌ಸಿಯಲ್ಲಿ ಸರಿಯಾಗಬೇಕು. ನಾನು ಮಂಚಕ್ಕೆ ಮುಂಚೆ ಮಾಡಬೇಕಾಗಿದ್ದ ಆ ಕೆಲಸವನ್ನು ಮಂಚ ಆದ ಮೇಲೆ ಓಡಾಡಿ ಮುಗಿಸಿದೆ.

ಹೋದ ಅಮಾವಾಸ್ಯೆಗೆ ಹೊರಟೆವು. ಹನೂರಿನಲ್ಲಿ ಟೀ, ಕೌದಳ್ಳಿ ದಾಟಿ ತಾಳಬೆಟ್ಟ. ಅಪ್ಪ ಇಳಿದು ಕರ್ಪೂರ ಹಚ್ಚಿ ಬಂದರು. ಘಾಟಿ ಪೂರ್ತಿ ಸೆಕೆಂಡ್ ಗೇರು, ಮುಳ್ಳು ಅರ್ಧದಿಂದ ಮೇಲೇಳಲಿಲ್ಲ. ಹಿಂದಿನಿಂದ ಹೊಸ ಗಾಡಿಗಳು ಹಾರ್ನ್ ಹೊಡೆದು ಮುಂದೆ ಹೋಗ್ತಿದ್ದವು. ನನ್ನ ಕಾಲು ಆ್ಯಕ್ಸಿಲರೇಟರ್ ಮೇಲೆ ಭಾರ ಆಗಿದ್ದನ್ನ ಅಪ್ಪ ನೋಡಿದರು. "ಹೋಗ್ಲಿ ಬುಡು. ಮಾದಪ್ಪ ಎಲ್ಗೂ ಹೋಗಕಿಲ್ಲ."

ರಾತ್ರಿ ದರ್ಶನ ಮುಗಿಸಿ ಬಂದು ಅಪ್ಪನಿಗೆ ಮಂಚದ ಮೇಲೆ ಹಾಸಿಗೆ ಹಾಸಿದೆ. ಕಾಲು ಚಾಚಿ ಮಲಗಿದರು. ಎರಡು ಗಂಟೆಗೆ ಎಚ್ಚರ ಆಯ್ತು, ಮಂಚ ಖಾಲಿ. ಗಾಬರಿಯಾಗಿ ಎದ್ದು ನೋಡಿದರೆ ಡ್ರೈವರ್ ಸೀಟಿನಲ್ಲಿ ಕಾಲು ಮಡಚಿ ಗೊರಕೆ ಹೊಡೀತಿದ್ದಾರೆ.

ಬೆಳಿಗ್ಗೆ ಕೇಳಿದ್ದಕ್ಕೆ, "ಮಂಚ ಚೆನ್ನಾಗದೆ ಕನ್ಲಾ. ಇಲ್ಲಿ ನಿದ್ದೆ ಬತ್ತದೆ" ಅಂದು ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು.