ನಷ್ಟ ಯಾರ ತಲೆಗೆ?

ವಿಹಾರಕ್ಕೆ ಹೊರಟವರಿಗೆ ನಾಲ್ಕು ದಿನದ ಮಟ್ಟಿಗೆ ಮನೆಯನ್ನೋ ಕೋಣೆಯನ್ನೋ ಬಾಡಿಗೆಗೆ ಕೊಡಿಸುವ ಅಮೆರಿಕದ ಏರ್‌ಬಿಎನ್‌ಬಿ ಕಂಪನಿ ಮೂಲತಃ ಒಂದು ದಲ್ಲಾಳಿ ಅಂಗಡಿ. ಮನೆ ಬೇರೆಯವರದು, ಮನೆಯ ಮೇಲಿನ ಸಾಲ ಬೇರೆಯವರದು, ಹಾಸಿಗೆ ಕೊಡವಿ ನೆಲ ಒರೆಸುವ ಕೈ ಇನ್ನೂ ಬೇರೆಯವರದು. ಕಂಪನಿಯದು ಕಮಿಷನ್. ಮಂಡಿಯ ವ್ಯವಹಾರ ಬಲ್ಲ ನಮ್ಮ ವ್ಯಾಪಾರಿ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

೨೦೨೦ರಲ್ಲಿ ಕೊರೋನಾ ಮಹಾಮಾರಿ ಹಬ್ಬಿ ದೇಶದೇಶಗಳು ಬಾಗಿಲು ಹಾಕಿಕೊಂಡವು. ಆ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಹೊಸದಾಗಿ ಗೊತ್ತುಮಾಡಿದ್ದಕ್ಕಿಂತ ರದ್ದಾದದ್ದೇ ಹೆಚ್ಚು. ೨೦೧೯ರಲ್ಲಿ ಸುಮಾರು ೩೨ ಕೋಟಿ ೭೦ ಲಕ್ಷವಿದ್ದ ಬುಕಿಂಗಿನ ಲೆಕ್ಕ ೨೦೨೦ರಲ್ಲಿ ೧೯ ಕೋಟಿ ೩೦ ಲಕ್ಷಕ್ಕೆ ಇಳಿಯಿತು.

ರೋಗಕ್ಕೆ ಹೆದರಿ ಪ್ರಯಾಣ ಬಿಟ್ಟವನಿಗೆ ಪೂರ್ತಿ ಹಣ ಹಿಂತಿರುಗಿಸಿದ್ದು ನ್ಯಾಯವೇ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಯಾರ ಜೇಬಿನಿಂದ? ಮನೆ ಒಡೆಯರು ಮೊದಲೇ ಒಪ್ಪಿದ್ದ ರದ್ದತಿ ಕರಾರನ್ನು ಬದಿಗೊತ್ತಿ, ಅವರನ್ನು ಒಂದು ಮಾತೂ ಕೇಳದೆ ಕಂಪನಿ ಈ ತೀರ್ಮಾನ ಮಾಡಿತು. ಕೂಗೆದ್ದ ಮೇಲೆ ೨೫ ಕೋಟಿ ಡಾಲರಿನ ನಿಧಿ ಹೊರಬಂತು. ಕರಾರಿನಂತೆ ಸಲ್ಲಬೇಕಾಗಿದ್ದುದರಲ್ಲಿ ಕೈಗೆ ಬಂದದ್ದು ರೂಪಾಯಿಗೆ ನಾಲ್ಕಾಣೆ! ಕಂಪನಿಯ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಕ್ಷಮೆಯಿಂದ ಬ್ಯಾಂಕಿನ ಕಂತು ತೀರೀತೆ? ನೆಲ ಒರೆಸುವ ಹೆಂಗಸಿಗಂತೂ ಆ ನಿಧಿಯಲ್ಲಿ ಪಾಲೇ ಇರಲಿಲ್ಲ. ಮೇ ತಿಂಗಳಲ್ಲಿ ಕಂಪನಿಯ ೭,೫೦೦ ನೌಕರರಲ್ಲಿ ಸುಮಾರು ೧,೯೦೦ ಮಂದಿಯೂ ಕೆಲಸ ಕಳೆದುಕೊಂಡರು.

ಬೇಸಿಗೆಯ ಹೊತ್ತಿಗೆ ಬೇಡಿಕೆ ಮತ್ತೆ ಚಿಗುರಿತು, ಆದರೆ ದೊಡ್ಡ ಪಟ್ಟಣಗಳಲ್ಲಿ ಅಲ್ಲ. ಸ್ವಂತ ಕಾರಿನಲ್ಲಿ ಹೋಗಿ ತಲುಪಬಹುದಾದ ಹಳ್ಳಿಗಳಲ್ಲಿ, ಬೆಟ್ಟದ ಮನೆಗಳಲ್ಲಿ. ಕೂತಲ್ಲೇ ಕಚೇರಿ ಕೆಲಸ ಮಾಡಬಲ್ಲವರು ಅಲ್ಲಿ ವಾರಗಟ್ಟಲೆ ಉಳಿದರು. ಮಗ್ಗದ ಮುಂದೆ ನಿಲ್ಲುವವನು ಮಗ್ಗವನ್ನು ಹೊತ್ತು ಬೆಟ್ಟ ಹತ್ತಲಾದೀತೆ? ಅದೇ ಡಿಸೆಂಬರ್ ೧೦ರಂದು ಕಂಪನಿಯ ಷೇರು ಪೇಟೆಗೆ ಬಂತು. ೬೮ ಡಾಲರಿಗೆ ಮಾರಿದ ಷೇರು ೧೪೬ ಡಾಲರಿನಲ್ಲಿ ವಹಿವಾಟು ಆರಂಭಿಸಿತು. ಮನೆ ಒಡೆಯರ ಹನ್ನೆರಡಾಣೆ ಹೋದದ್ದು ಹೋಯಿತು.

ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಎರಡು ಕೋಣೆ ಬಾಡಿಗೆಗೆ ಬಿಟ್ಟು ಬದುಕುವವರೂ ಇಂಥ ದಲ್ಲಾಳಿ ಕಂಪನಿಗಳನ್ನು ನೆಚ್ಚಿದ್ದಾರೆ. ಕಮಿಷನ್ ಪಡೆಯುವವನು ರದ್ದತಿಯ ನಷ್ಟದಲ್ಲೂ ಪಾಲು ಹೊರಬೇಕು, ಮನೆಯವರನ್ನು ಕೇಳದೆ ಕರಾರು ಬದಲಿಸಕೂಡದು, ಗುಡಿಸುವವರ ಕೂಲಿ ನಿಲ್ಲಕೂಡದು. ಇಷ್ಟನ್ನು ಕಾನೂನಿನಲ್ಲಿ ಬರೆಯುವಂತೆ ರಾಜ್ಯ ಸರ್ಕಾರವನ್ನು ನಾವು ಒತ್ತಾಯಿಸುತ್ತೇವೆ.